ಆರು ಗಂಟೆಯ ಅತಿಥಿ

ಗ್ರೀಸಿನ ಸಾಂತೊರಿನಿ ದ್ವೀಪದ ಮುಂದೆ ನಮ್ಮ ವಿಹಾರದ ಹಡಗು ಲಂಗರು ಇಳಿಸಲಿಲ್ಲ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ನಡುನೆಲವೇ ಕುಸಿದುಹೋದ ಆ ಕೊಲ್ಲಿಯ ಆಳ ಅಂತಹುದು. ಸಣ್ಣ ದೋಣಿಗಳು ನಮ್ಮನ್ನು ತಂಡತಂಡವಾಗಿ ದಡಕ್ಕೆ ಸಾಗಿಸಿದುವು.

ಫಿರಾ ಪಟ್ಟಣವಿರುವುದು ಕಡಿದಾದ ಬಂಡೆಯ ನೆತ್ತಿಯಲ್ಲಿ. ರೋಪ್‌ವೇಯ ಸಾಲು ಕಂಡು ಎದೆಗುಂದಿತು. ಹೇಸರಗತ್ತೆಯ ಬೆನ್ನೇರಲು ಮನಸ್ಸು ಒಪ್ಪಲಿಲ್ಲ. ಸುಮಾರು 600 ಮೆಟ್ಟಿಲುಗಳನ್ನು ನಡೆದೇ ಹತ್ತಿದೆ. (ನಲವತ್ತು ದಾಟಿದ ಮಂಡಿಗಳ ಲೆಕ್ಕ ಬೇರೆ!) ಮೂಕಪ್ರಾಣಿಗೆ ಹೊರೆಯಾಗಲಿಲ್ಲವೆಂಬ ಸಣ್ಣ ಹೆಮ್ಮೆಯೂ ನನ್ನೊಡನೆ ಮೇಲೇರಿತು.

ಆ ಹೆಮ್ಮೆ ಬಸ್ ನಿಲ್ದಾಣದವರೆಗೆ ಉಳಿಯಿತು. ಇಯಾ ಎಂಬ ಹಳ್ಳಿಗೆ ಹೊರಟ ಬಸ್ಸಿನಲ್ಲಿ ನನಗೊಂದು ಆಸನ ದೊರೆಯಿತು. ನಮ್ಮ ಹಡಗಿನವರಿಂದಲೇ ಬಸ್ಸು ತುಂಬಿತ್ತು, ನಿಲ್ಲಲೂ ಎಡೆಯಿರಲಿಲ್ಲ. ಬಾಗಿಲು ಮುಚ್ಚುವ ಹೊತ್ತಿಗೆ ಕಪ್ಪುಡುಪಿನ ಮುದುಕಿಯೊಬ್ಬಳು, ತರಕಾರಿ ಚೀಲ ಹಿಡಿದು ಬಂದವಳು, ಒಳಗೆ ಇಣುಕಿ ಹಿಂದೆ ಸರಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾನು ಎದ್ದು ಇಳಿಯಬಹುದಾಗಿತ್ತು. ಕೊನೆಯ ದೋಣಿಯ ವೇಳೆಯನ್ನು ನೆನೆದು, ಗಡಿಯಾರ ನೋಡಿಕೊಂಡು ಕುಳಿತೇ ಇದ್ದೆ.

ಸುಮಾರು 15,000 ಜನರ ದ್ವೀಪವದು. ಹಡಗುಗಳಿಂದ ದಿನಕ್ಕೆ 8,000 ಮಂದಿಗಿಂತ ಹೆಚ್ಚು ಬರಕೂಡದೆಂದು 2025ರಲ್ಲಿ ಮಿತಿ ಬಂದಿತು. ಬೇಸಿಗೆಯಲ್ಲಿ ತಲೆಗೆ 20 ಯೂರೋ ಸುಂಕವೂ ಬಿದ್ದಿತು. ನಮ್ಮಿಂದ ಅಂಗಡಿಗಳಿಗೆ ವ್ಯಾಪಾರವುಂಟು, ನಿಜ. ಆದರೆ ನಾವು ಉಂಡದ್ದೂ ಮಲಗಿದ್ದೂ ಹಡಗಿನಲ್ಲಿ. ಊರಿಗೆ ನನ್ನಿಂದ ಸಂದದ್ದು ಒಂದು ಕಾಫಿಯ ಬೆಲೆ, ಎರಡು ಪೋಸ್ಟ್‌ಕಾರ್ಡಿನ ಬೆಲೆ.

ಸಂಜೆ ಹಡಗಿನ ಮೇಲಟ್ಟದಲ್ಲಿ ನಿಂತು ಎಲ್ಲರೂ ಬಿಳಿಯ ಮನೆಗಳ ಚಿತ್ರ ತೆಗೆಯುತ್ತಿದ್ದರು. ನಾನು ಬಸ್ ನಿಲ್ದಾಣ ಎಲ್ಲಿರಬಹುದೆಂದು ಹುಡುಕಿದೆ. ಅಷ್ಟು ದೂರಕ್ಕೆ ಕಾಣಲಿಲ್ಲ.