ಹಿತ್ತಲ ದೊಡ್ಡಪತ್ರಿ, ಪೇಟೆಯ ಒರೆಗಾನೊ

ಉಪ್ಪಿನಬೆಟಗೇರಿ: ಹುಬ್ಬಳ್ಳಿಯಲ್ಲಿ ಪಿಜ್ಜಾ ತಿಂದ ಹುಡುಗರು ಒರೆಗಾನೊ ಚೀಟಿಯನ್ನು ಕಿಸೆಗಿಳಿಸಿ ತರುವ ಕಾಲವಿದು. ಮೂಸಿ ನೋಡಿದ ಅಜ್ಜಿಗೆ ಅದು ಹಿತ್ತಲ ದೊಡ್ಡಪತ್ರಿ ವಾಸನೀನ!

ಅಜ್ಜಿಯ ಮೂಗು ಸುಳ್ಳಾಡದು. ಎರಡೂ ತುಳಸಿ, ಪುದೀನಾ ಕುಲದವು. ಆ ಘಾಟಿಗೆ ಕಾರಣವಾದ ಕಾರ್ವಕ್ರಾಲ್, ಥೈಮಾಲ್ ಎರಡರ ಎಣ್ಣೆಯಲ್ಲೂ ಉಂಟು. ಇಂಗ್ಲಿಷಿನಲ್ಲಿ ದೊಡ್ಡಪತ್ರಿಗೆ ಕ್ಯೂಬನ್ ಒರೆಗಾನೊ ಎಂದೇ ಒಂದು ಹೆಸರಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾತು.

ಬೀಜ ಬೇಡ, ನೆರೆಮನೆಯಿಂದ ಗೇಣುದ್ದ ಟೊಂಗಿ ತಂದು ಊರಿದರಾಯ್ತು. ಆದರೆ ಈ ಭಾಗದ ಎರಿಮಣ್ಣು ನೀರು ಹಿಡಿದು ಕೂಡುವಂಥದ್ದು. ಮಳೆಗಾಲದಾಗ ಬೇರು ಕೊಳೀತದ. ಒಡಕು ಕೊಡಕ್ಕೆ ತೂತು ಮಾಡಿ, ಮಣ್ಣಿಗೆ ಸಮನಾಗಿ ಉಸುಕು, ಒಂದಿಷ್ಟು ತಿಪ್ಪೆಗೊಬ್ಬರ ಕಲಸಿ ಹಚ್ಚುವುದೇ ವಾಸಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಖರೇ ಒರೆಗಾನೊ ಬೆಳೆಸುವವರಿಗೂ ಇದೇ ಮಾತು.

ಭೇದ ಅಡಿಗೆಮನೆಯಲ್ಲಿದೆ. ಒರೆಗಾನೊ ಒಣಗಿದಷ್ಟೂ ಘಮ. ರಸ ತುಂಬಿದ ದೊಡ್ಡಪತ್ರಿ ಹಸಿಯಿದ್ದಾಗಲೇ ಚೆಂದ. ಕಡಲೆಹಿಟ್ಟಿನಾಗ ಅದ್ದಿ ಭಜಿ, ಮೊಸರಿನಾಗ ತಂಬುಳಿ. ಪಿಜ್ಜಾ ಮೇಲೂ ಸಣ್ಣಗೆ ಹೆಚ್ಚಿ ಉದುರಿಸಬಹುದು, ಎರಡೇ ಎಲೆ ಸಾಕು. ಮಕ್ಕಳ ಕೆಮ್ಮಿಗೆ ಬಾಡಿಸಿದ ಎಲೆಯ ರಸ ಕೊಡುವ ರೂಢಿಯೂ ಹಳೆಯದು. ಆದರೆ ಕೂಸಿಗೆ ಉಬ್ಬಸ ಎದ್ದಾಗ ಎಲೆ ಹಿಂಡುತ್ತ ಕೂತರೆ ಹೊತ್ತು ಮೀರುತ್ತದೆ. ಆಗ ದವಾಖಾನೆ ಹಾದಿಯೇ ಸರಿ.