ಮನೆಯಂಗಳದ ನೀರು ಮತ್ತು ಎಳೆಯ ಮಕ್ಕಳು

ಮುಂಗಾರಿನ ಮೊದಲ ಔಷಧಿ ಸಿಂಪಡಣೆಯ ದಿನಗಳು ಹತ್ತಿರ ಬಂದಾಗ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ಈ ಪುಟದಲ್ಲಿ ಬರೆಯುವುದು ವಾಡಿಕೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಸದಸ್ಯರೆಲ್ಲರಿಗೂ ಬಾಯಿಪಾಠವಾಗಿದೆ. ಆದುದರಿಂದ ಈ ಸಲ ದ್ರಾವಣವನ್ನು ಬಿಟ್ಟು, ಅದನ್ನು ತುಂಬಿಡುವ ಡ್ರಮ್ಮಿನ ಬಗ್ಗೆ, ಆ ಡ್ರಮ್ಮಿನ ಸುತ್ತ ಓಡಾಡುವ ಎಳೆಯ ಮಕ್ಕಳ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಇದಕ್ಕೆ ಕಾರಣವಿದೆ. ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಕರುಗಳಿಗೆ ನೀರು ಕುಡಿಸಲೆಂದು ಪ್ಲಾಸ್ಟಿಕ್ ಡ್ರಮ್ಮೊಂದನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದರು. ಇಟ್ಟು ಎರಡು ದಿನವಾಗಿತ್ತು, ಅಷ್ಟೆ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಗಂಡಸರು ತೋಟದಲ್ಲಿ, ಸೊಸೆ ಆಳುಗಳ ತಿಂಡಿಯ ಗಡಿಬಿಡಿಯಲ್ಲಿ. ಮಗು ತಾಯಿಯ ಹತ್ತಿರ ಇದೆ ಎಂದು ಅಜ್ಜಿ ತಿಳಿದಿದ್ದರು. ಅಜ್ಜಿಯ ಹತ್ತಿರ ಇದೆ ಎಂದು ತಾಯಿ ತಿಳಿದಿದ್ದರು. ಕಲಗಚ್ಚು ಹೊಯ್ಯಲು ಅಜ್ಜಿ ಕೊಟ್ಟಿಗೆಗೆ ಹೋದಾಗ ಡ್ರಮ್ಮಿನ ಬಾಯಿಯಿಂದ ಮೇಲಕ್ಕೆ ಎರಡು ಪುಟ್ಟ ಕಾಲುಗಳು ಕಂಡವು. ಮಗು ಉಳಿಯಿತು. ಇನ್ನೆರಡು ನಿಮಿಷ ತಡವಾಗಿದ್ದರೆ ಎಂಬ ಮಾತನ್ನು ಆ ಮನೆಯವರು ಇವತ್ತಿಗೂ ಪೂರ್ತಿ ಆಡುವುದಿಲ್ಲ. "ಒಂದು ಸದ್ದೂ ಕೇಳಲಿಲ್ಲವಲ್ಲ" ಎಂಬುದೊಂದೇ ಅಜ್ಜಿಯ ಮಾತು.

ಸದ್ದು ಕೇಳುವುದೂ ಇಲ್ಲ. ಕೂಗಬೇಕಾದರೆ ಉಸಿರು ಬೇಕು; ಬಾಯಿ ಮೂಗು ನೀರಿನಲ್ಲಿರುವ ಮಗುವಿಗೆ ಅದು ಎಲ್ಲಿಂದ ಬರಬೇಕು? ಮಗು ಬಿದ್ದರೆ ಕೈಕಾಲು ಬಡಿದೀತು, ಅತ್ತೀತು, ಅಡುಗೆಮನೆಗೆ ಕೇಳೀತು ಎಂಬ ನಮ್ಮೆಲ್ಲರ ಭರವಸೆ ಪೂರ್ತಿ ಸುಳ್ಳು. ಇನ್ನೊಂದು ಸಂಗತಿ ಮಗುವಿನ ಮೈಕಟ್ಟಿನದು. ಎರಡು ವರ್ಷದ ಮಗುವಿನ ಎತ್ತರದಲ್ಲಿ ಸುಮಾರು ಐದನೇ ಒಂದು ಪಾಲು ತಲೆಯೇ. ಬಗ್ಗಿ ನೋಡಲು ಹೋದರೆ ತಲೆಯ ಭಾರಕ್ಕೆ ಮುಂದಕ್ಕೆ ಮಗುಚುತ್ತದೆ; ಮಗುಚಿದ ಮೇಲೆ ತೋಳಿನ ಬಲದಿಂದ ಎದ್ದು ಬರುವ ಶಕ್ತಿ ಅದಕ್ಕಿಲ್ಲ. ಮೂಗು ಬಾಯಿ ಮುಚ್ಚುವಷ್ಟು, ಅಂದರೆ ಎರಡು ಅಂಗುಲ ನೀರಿದ್ದರೂ ಸಾಕು. ಎರಡು ನಿಮಿಷದೊಳಗೆ ಪ್ರಜ್ಞೆ ತಪ್ಪಬಹುದು. ನಾಲ್ಕೈದು ನಿಮಿಷವಾದರೆ ಮಿದುಳಿಗೆ ಪೆಟ್ಟು ಶುರುವಾಗುತ್ತದೆ.

ನೀರಿನ ಭಯ ಅಂದರೆ ನಮಗೆ ನೆನಪಾಗುವುದು ಬಾವಿ, ಕೆರೆ, ಹೊಳೆ. ಇವು ಹಳೆಯ ನೀರು. ಇವುಗಳ ವಿಷಯದಲ್ಲಿ ಮನೆಮಂದಿಗೆಲ್ಲ ಎಚ್ಚರವಿದೆ, ಬಾವಿಗೆ ಕಟ್ಟೆಯೂ ಇದೆ. (ಕಟ್ಟೆಯ ಪಕ್ಕದಲ್ಲಿ ಮಗುಚಿಟ್ಟ ಕೊಡಪಾನ, ಬಟ್ಟೆ ಒಗೆಯುವ ಕಲ್ಲು ಇದ್ದರೆ ಅದು ಕಟ್ಟೆಯಲ್ಲ, ಮೆಟ್ಟಿಲು, ಇವತ್ತೇ ಸರಿಸಿರಿ.) ನಮ್ಮ ಕಣ್ಣು ತಪ್ಪುವುದು ಹೊಸ ನೀರಿನ ಬಗ್ಗೆ. ಮನೆಯ ಮಗು ಮೊನ್ನೆ ತಾನೇ ನಡೆಯಲು ಕಲಿತದ್ದು, ಡ್ರಮ್ಮು ನಿನ್ನೆ ತಾನೇ ಬಂದದ್ದು. ಎರಡನ್ನೂ ಒಟ್ಟಿಗೆ ಯೋಚಿಸಿದವರು ಮನೆಯಲ್ಲಿ ಯಾರೂ ಇರುವುದಿಲ್ಲ.

ತೋಟದ ಕೆಲಸವೇ ಹಾಗೆ, ವರ್ಷದುದ್ದಕ್ಕೂ ಹೊಸ ಹೊಸ ಜಾಗದಲ್ಲಿ ನೀರು ನಿಲ್ಲಿಸುತ್ತದೆ. ಜೂನ್ ಹೊತ್ತಿಗೆ ಔಷಧಿಯ ಡ್ರಮ್ಮು. 200 ಲೀಟರಿನ ಡ್ರಮ್ಮಿನಷ್ಟು ಎತ್ತರ ಎರಡು ವರ್ಷದ ಮಗುವಿಲ್ಲ ನಿಜ. ಪಕ್ಕದಲ್ಲಿ ಸುಣ್ಣದ ಮೂಟೆ ಇದ್ದರೆ ಹತ್ತಲು ಅದೇ ಸಾಕು. ಮೈಲುತುತ್ತಿನ ನೀಲಿ ಬಣ್ಣ ಬೇರೆ ಮಕ್ಕಳನ್ನು ಕರೆಯುತ್ತದೆ, ಕುಡಿದರೆ ವಿಷ. ಮಳೆ ಹಿಡಿದ ಮೇಲೆ ಗೊಬ್ಬರದ ಗುಂಡಿ, ಹೊಸ ಗಿಡಕ್ಕೆಂದು ತೋಡಿ ಹಾಗೇ ಬಿಟ್ಟ ಗುಂಡಿ, ಕಾಫಿ ತೋಟದ ತೊಟ್ಟಿಲು ಗುಂಡಿ ಎಲ್ಲ ತುಂಬುತ್ತವೆ. ತೊಟ್ಟಿಲು ಎಂಬ ಹೆಸರು ಯಾರಿಟ್ಟರೋ! ಮನೆಗೆ ಹತ್ತಿರದ ಗುಂಡಿಗಳನ್ನು ಮುಚ್ಚಿಬಿಡುವುದೇ ಮೇಲು, ಅಲ್ಲಿ ಉಳಿಸುವ ನೀರು ಎಷ್ಟು ಮಹಾ. ಕೊಯ್ಲಿನ ಕಾಲದಲ್ಲಿ ಪಲ್ಪರ್ ತೊಟ್ಟಿಗಳು. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಕೊಡಲು ತುಂಬಿಸಿದ ತೊಟ್ಟಿ. ಅಡಿಕೆ ಬೇಯಿಸಿ ಇಳಿಸಿಟ್ಟ ಚೊಗರಿನ ಹಂಡೆಗೆ ಮುಚ್ಚಳ ಹಾಕದಿದ್ದರೆ ಮುಳುಗುವುದಕ್ಕೆ ಮೊದಲು ಸುಡುತ್ತದೆ.

ಇನ್ನು ನೀರೆಂದು ಕಾಣದ ನೀರು. ಗೋಬರ್ ಗ್ಯಾಸಿನ ಬಗ್ಗಡದ ಗುಂಡಿಯ ಮೇಲೆ ಬಿಸಿಲಿಗೆ ಒಣಗಿದ ಹೆಪ್ಪು ಕಟ್ಟಿ ನೆಲದ ಹಾಗೆಯೇ ಕಾಣುತ್ತದೆ. ಕೋಳಿ ಅದರ ಮೇಲೆ ನಡೆದಾಡುವುದನ್ನು ಮಗು ನೋಡಿರುತ್ತದೆ. ಪಲ್ಪರಿನ ಕೊಳೆನೀರಿನ ಹೊಂಡದ ಮೇಲೂ ಸಿಪ್ಪೆಯ ಪದರ ನಿಲ್ಲುತ್ತದೆ. ಅಜೋಲಾ ತೊಟ್ಟಿಯ ಆಳ ಒಂದಡಿಯೂ ಇರಲಿಕ್ಕಿಲ್ಲ, ಆದರೆ ಮೇಲೆ ಹಸಿರು ಹಾಸು. ಮಗುವಿಗೆ ಅದು ಹುಲ್ಲು. ಇಂಥ ಜಾಗಗಳಿಗೆ ಮುಚ್ಚಳ ಅಥವಾ ಬೇಲಿಯ ಹೊರತು ಬೇರೆ ಉಪಾಯವಿಲ್ಲ.

ಕೃಷಿ ಹೊಂಡದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಮಳೆಯಾಶ್ರಿತ ಜಮೀನುಗಳಿಗೆಂದು 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಆ ಮಾತು ಮನೆಮಾತಾಯಿತು. ಈಗ ಮಲೆನಾಡಿನ ಗುಡ್ಡದ ತಲೆಯಲ್ಲೂ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳಿವೆ. ಮಣ್ಣಿನ ಕೆರೆಗೂ ಇದಕ್ಕೂ ದೊಡ್ಡ ವ್ಯತ್ಯಾಸ. ಕೆರೆಯಲ್ಲಿ ಕಾಲಿಗೆ ಮಣ್ಣು ಸಿಗುತ್ತದೆ, ಕೈಗೆ ಬೇರು ಸಿಗುತ್ತದೆ. ಹಾಳೆಯ ಹೊಂಡದಲ್ಲಿ ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪಾಚಿ. ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಮಗುವನ್ನು ಎತ್ತಲು ಹಾರಿದವರೂ ಅಲ್ಲೇ ಉಳಿಯುವ ಅಪಾಯವಿದೆ. ಆದುದರಿಂದ ನಾಲ್ಕೂ ಬದಿಗೆ ಗಟ್ಟಿ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ನೈಲಾನ್ ಹಗ್ಗವನ್ನು ತಳದವರೆಗೆ ಇಳಿಬಿಡಬೇಕು. ಹಳೆಯ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಇಳಿಬಿಟ್ಟರೆ ಇನ್ನೂ ಒಳ್ಳೆಯದು, ಏಣಿಯಂತೆ ಆಗುತ್ತದೆ. ಗಾಳಿ ತುಂಬಿದ ಒಂದು ಟ್ಯೂಬು ಬೇಲಿಗೇ ನೇತಾಡುತ್ತಿರಲಿ.

ಹಗ್ಗ ದೊಡ್ಡವರಿಗಾಯಿತು. ಎಳೆಯ ಮಗುವಿಗೆ ಬೇಲಿಯೇ ಬೇಕು. ಎರಡೆಳೆ ಮುಳ್ಳುತಂತಿ ದನಕ್ಕೆ ಸರಿ, ಮಗು ಕೆಳಗಿನಿಂದ ನುಸುಳುತ್ತದೆ. ದಣಪೆಯೂ ಅಷ್ಟೇ. ಬೇಲಿ 4 ಅಡಿಗೆ ಕಡಿಮೆ ಇರಬಾರದು, ಎಲ್ಲೂ 4 ಅಂಗುಲಕ್ಕಿಂತ ಹೆಚ್ಚು ಸಂದು ಇರಬಾರದು. ಇದಕ್ಕೆ ಪೇಟೆಯ ಸಾಮಾನೇ ಬೇಕೆಂದಿಲ್ಲ. ಅಡಿಕೆ ದಬ್ಬೆಗಳನ್ನು ನೆಟ್ಟಗೆ, ಒತ್ತೊತ್ತಾಗಿ ಹೊಡೆದರೆ ಸಾಕು. ಆದರೆ ಅಡ್ಡಪಟ್ಟಿ ಹೊಂಡದ ಬದಿಗೆ ಬರಲಿ. ಹೊರಬದಿಗೆ ಬಂದರೆ ಅದನ್ನೇ ಮೆಟ್ಟಿ ಹತ್ತುತ್ತವೆ. ಬಾಗಿಲಿನ ಚಿಲಕ ಮೇಲ್ತುದಿಯಲ್ಲಿರಲಿ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಸ್ವಲ್ಪ ಓರೆಯಾಗಿ ನಿಲ್ಲಿಸಿರಿ. ಕೆಲವರು ನೀರಿನ ಮೇಲೆ ನೆರಳುಬಲೆ ಹಾಸಿ ನಿಶ್ಚಿಂತರಾಗಿದ್ದಾರೆ. ಸಡಿಲವಾಗಿ ತೇಲುವ ಬಲೆ ಬೇಲಿಗಿಂತ ಅಗ್ಗವೆಂಬುದು ಸರಿ. ಬಿದ್ದ ಮಗುವನ್ನು ಸುತ್ತಿಕೊಂಡು ಒಳಗೆ ಎಳೆಯುವುದೂ ಅದೇ. ಹೊಂಡಕ್ಕೆ ಲಕ್ಷಗಟ್ಟಲೆ ಸುರಿದು ಬೇಲಿಗೆ ದುಡ್ಡಿಲ್ಲವೆನ್ನುವ ಲೆಕ್ಕಾಚಾರ ನಮಗಂತೂ ಅರ್ಥವಾಗಿಲ್ಲ.

ಬಚ್ಚಲಿನ ವಿಷಯ ಎರಡೇ ಮಾತು. ಬಕೆಟ್ಟಿನಲ್ಲಿ ನೀರು ಉಳಿಸಬೇಡಿ, ಬೋರಲು ಹಾಕಿ. ಬಾಗಿಲಿಗೆ ಹೊರಗಿನಿಂದ ಎತ್ತರದಲ್ಲಿ ಚಿಲಕವಿರಲಿ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ವರಿಗೊಬ್ಬರು 5 ವರ್ಷದೊಳಗಿನ ಮಕ್ಕಳು. ನಮ್ಮಂತೆ ಮನೆ ಪಕ್ಕದಲ್ಲೇ ನೀರಿಟ್ಟುಕೊಂಡು ಬದುಕುವ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನು ಬಹಳ ಸೂಕ್ಷ್ಮವಾಗಿ ನೋಡಿದ್ದಾರೆ. ಹೆಚ್ಚಿನ ಸಾವುಗಳು ಬೆಳಿಗ್ಗೆ 9ರಿಂದ ಮಧ್ಯಾಹ್ನ 1 ಗಂಟೆಯೊಳಗೆ, ಮನೆಯಿಂದ ಕೂಗಳತೆಯೂ ಅಲ್ಲ, ಹತ್ತಿಪ್ಪತ್ತು ಮೀಟರಿನೊಳಗೆ ಆಗಿದ್ದವು. ತಾಯಂದಿರು ಕೆಲಸದಲ್ಲಿ ಮುಳುಗಿರುವ ಹೊತ್ತು ಅದು. ಅಲ್ಲಿ ಮಾಡಿದ ಉಪಾಯ ಸರಳವಾದದ್ದು: ಊರಿನ ಒಬ್ಬ ಹೆಂಗಸಿಗೆ ತರಬೇತಿ ಕೊಟ್ಟು, ಆ ನಾಲ್ಕು ಗಂಟೆ ಸುತ್ತಿನ ಮನೆಗಳ ಎಳೆಯ ಮಕ್ಕಳನ್ನೆಲ್ಲ ಅವರ ಬಳಿ ಬಿಡುವುದು. ಸಾವುಗಳು ಗಣನೀಯವಾಗಿ ಇಳಿದವು.

ನಮ್ಮಲ್ಲಿ 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ಎಸ್ಟೇಟುಗಳಿಗೆ ಶಿಶುಗೃಹವನ್ನು ಕಡ್ಡಾಯ ಮಾಡಿತ್ತು. ಎರಡು ಮೂರು ಎಕರೆಯ ನಮ್ಮಂಥವರಿಗೆ ಅದು ಮುಟ್ಟಲಿಲ್ಲ. ಆದರೆ ಕೊಯ್ಲಿಗೆ ಹೊರಗಿನಿಂದ ಬರುವವರು ಮಕ್ಕಳನ್ನು ಕರೆದುಕೊಂಡೇ ಬರುತ್ತಾರೆ. ನಮ್ಮ ತೋಟದಲ್ಲಿ ಎಲ್ಲೆಲ್ಲಿ ನೀರಿದೆಯೆಂದು ಅವರಿಗೆ ಗೊತ್ತಿರುವುದಿಲ್ಲ. ಬಂದ ದಿನವೇ ತಂದೆತಾಯಿಯರನ್ನು ಕರೆದುಕೊಂಡು ಹೋಗಿ ಒಂದೊಂದನ್ನೂ ತೋರಿಸುವುದು ಮಾಲೀಕರಾದ ನಮ್ಮ ಕರ್ತವ್ಯ. ಅಕ್ಕಪಕ್ಕದ ಮೂರು ನಾಲ್ಕು ತೋಟದವರು ಸೇರಿ ಕೊಯ್ಲಿನ ದಿನಗಳಲ್ಲಿ ಒಬ್ಬರಿಗೆ ಮಕ್ಕಳನ್ನು ನೋಡಿಕೊಳ್ಳುವುದನ್ನೇ ಕೆಲಸವಾಗಿ ಕೊಟ್ಟು ಪೂರ್ತಿ ಸಂಬಳ ಕೊಟ್ಟರೆ, ಹಂಚಿಕೊಂಡಾಗ ತಲೆಗೆ ಬರುವ ಖರ್ಚು ಹೊರೆಯಾಗದು. ಹಲವು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರಗಳಿವೆ, ಅಲ್ಲಿಯೂ ವಿಚಾರಿಸಿರಿ. ಸ್ವಂತ ಮನೆಯಲ್ಲಾದರೆ, ಮಗುವನ್ನು ಒಬ್ಬರಿಂದ ಒಬ್ಬರಿಗೆ ಬಾಯಿಬಿಟ್ಟು ಒಪ್ಪಿಸುವ ಅಭ್ಯಾಸವಾಗಬೇಕು: "ಅತ್ತೆ, ಇವನು ಈಗ ನಿಮ್ಮ ಹತ್ತಿರ" ಎಂದು. ಅವರು "ಹೂಂ" ಎಂದ ಮೇಲೆಯೇ ಒಳಗೆ ಹೋಗಬೇಕು.

ಮಗು ಕಾಣೆಯಾದರೆ ಮೊದಲು ನೀರಿರುವ ಕಡೆಗೆ ಓಡಿ. ಅಟ್ಟ, ಹಾಸಿಗೆ, ನೆರೆಮನೆ ಆಮೇಲೆ. ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿಯುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ಕಡೆ ಈಗಲೂ ಇದೆ. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯವಾದ ನಿಮಿಷಗಳೂ ಹೋಗುತ್ತವೆ. ಮಗುವಿಗೆ ಬೇಕಾದದ್ದು ಗಾಳಿ. ಅಂಗಾತ ಮಲಗಿಸಿ, ಗಲ್ಲ ಎತ್ತಿ. ಉಸಿರಾಟವಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು (ಹಸುಗೂಸಾದರೆ ಮೂಗು ಬಾಯಿ ಎರಡನ್ನೂ ಸೇರಿಸಿ) ಎದೆ ಏಳುವಷ್ಟು ಮಾತ್ರ, ಮೊದಲು 5 ಸಲ ಊದಿ. ಮಗು ಅಲುಗಾಡದಿದ್ದರೆ ಎದೆಯ ನಡುವೆ ಒಂದು ಅಂಗೈಯ ಬುಡವಿಟ್ಟು, ಹಸುಗೂಸಿಗಾದರೆ ಎರಡು ಹೆಬ್ಬೆರಳಿನಿಂದ, ಎದೆಯ ದಪ್ಪದ ಮೂರನೇ ಒಂದು ಪಾಲು ತಗ್ಗುವಂತೆ 30 ಸಲ ಒತ್ತಿ. ವೇಗ ನಿಮಿಷಕ್ಕೆ 100ರಿಂದ 120. ಮತ್ತೆ 2 ಸಲ ಊದಿ, 30 ಸಲ ಒತ್ತಿ. ಉಸಿರು ಬರುವವರೆಗೆ ಅಥವಾ ಸಹಾಯ ಸಿಗುವವರೆಗೆ ನಿಲ್ಲಿಸಬಾರದು. ಇದನ್ನು ಓದಿ ಕಲಿಯುವುದು ಕಷ್ಟ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಒಮ್ಮೆ ಮಾಡಿ ನೋಡಿರಿ.

ಅಷ್ಟರಲ್ಲಿ ಇನ್ನೊಬ್ಬರು, ಫೋನಿಗೆ ಸಿಗ್ನಲ್ ಸಿಗುವ ದಿಬ್ಬ ಯಾವುದೆಂದು ಬಲ್ಲವರು, 108ಕ್ಕೆ ಕರೆಮಾಡಿ ಟಾರು ರಸ್ತೆಯವರೆಗೆ ಹೋಗಿ ನಿಲ್ಲಲಿ; ತೋಟದ ದಾರಿ ಆಂಬುಲೆನ್ಸಿನವರಿಗೆ ಗೊತ್ತಿರುವುದಿಲ್ಲ. ಮಗು ಎದ್ದು ಕೂತು ಆಡತೊಡಗಿದರೂ ಆಸ್ಪತ್ರೆಗೆ ತೋರಿಸಲೇಬೇಕು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಮ್ಮು, ಏದುಸಿರು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.