ಅನ್ನದಾನವೂ ಆಹಾರದ ಹಕ್ಕೂ

ಮುಂಬಯಿ ಮಹಾನಗರವು ಉಣ್ಣುವ ಕಾಳುಕಡ್ಡಿ, ಕಾಯಿಪಲ್ಯಗಳ ದೊಡ್ಡ ಪಾಲು ವಾಶಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಮೂಲಕ ಹಾದುಹೋಗುತ್ತದೆ. 1981ರಲ್ಲಿ ಈರುಳ್ಳಿ-ಬಟಾಟೆಯ ಸಗಟು ವ್ಯಾಪಾರವೂ 1996ರಲ್ಲಿ ಹಣ್ಣು-ತರಕಾರಿಗಳ ವ್ಯಾಪಾರವೂ ಮುಂಬಯಿಯಿಂದ ಇಲ್ಲಿಗೆ ಸ್ಥಳಾಂತರಗೊಂಡವು. ನಸುಕಿನಲ್ಲಿಯೇ ಇಲ್ಲಿ ಲಾರಿಗಳ ಸಾಲು, ಮೂಟೆಗಳ ರಾಶಿ. ಆದರೆ ಇದೇ ನವಿ ಮುಂಬಯಿಯ ನಾಕಾಗಳಲ್ಲಿ ಬೆಳಗಿನ ಹೊತ್ತು ದಿನಗೂಲಿಗಾಗಿ ಕಾದು ನಿಲ್ಲುವವರೂ ಇದ್ದಾರೆ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕನ್ನಡಿಗರು ಅವರಲ್ಲಿ ಸೇರಿದ್ದಾರೆ. ಕೂಲಿ ಸಿಕ್ಕದ ದಿನ ಅವರ ಮನೆಯಲ್ಲಿ ಒಲೆ ಹೊತ್ತುವುದೇ ಅನಿಶ್ಚಿತ. ಧಾನ್ಯದ ರಾಶಿಯ ನೆರಳಿನಲ್ಲಿಯೇ ಹಸಿವು ಇರುವುದು ವಿಚಿತ್ರವಾದರೂ ಸತ್ಯ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದಾಗ ಈ ಸತ್ಯವು ಎಲ್ಲರ ಕಣ್ಣಿಗೂ ಬಿದ್ದಿತು. ಅನೇಕ ಸಂಘ-ಸಂಸ್ಥೆಗಳು ಅಕ್ಕಿ-ಬೇಳೆಯ ಚೀಲಗಳನ್ನು ಹಂಚಿ ಪುಣ್ಯ ಕಟ್ಟಿಕೊಂಡವು. ಆದರೆ ಒಂದು ಚೀಲವು ಹೆಚ್ಚೆಂದರೆ ಹದಿನೈದು ದಿನದ ಮಾತು. ಹದಿನಾರನೆಯ ದಿನದ ಊಟ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ದಾನವೊಂದರಿಂದಲೇ ಉತ್ತರ ದೊರೆಯಲಾರದು.

ಚೀಟಿ ಊರಿನದು, ಅಕ್ಕಿ ಇಲ್ಲಿಯದು

ಉತ್ತರದ ಒಂದು ಭಾಗವು ಕಾನೂನಿನಲ್ಲಿಯೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲಬೇಕು. 2023ರ ಜನವರಿಯಿಂದ ಇದನ್ನು ಉಚಿತವಾಗಿ ನೀಡಲಾಗುತ್ತಿದೆ. 2019ರಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭವಾಗಿ 2022ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದ 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ವ್ಯವಸ್ಥೆಯಿಂದಾಗಿ, ಈ ಧಾನ್ಯವನ್ನು ಊರಿನಲ್ಲಿಯೇ ಪಡೆಯಬೇಕೆಂಬ ನಿರ್ಬಂಧವೂ ಉಳಿದಿಲ್ಲ. ಆಳಂದ ಅಥವಾ ಇಂಡಿಯಲ್ಲಿ ಪಡೆದ ಚೀಟಿಯ ಸಂಖ್ಯೆಯನ್ನು ತಿಳಿಸಿ, ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಬೆರಳೊತ್ತಿದರೆ ನವಿ ಮುಂಬಯಿಯಲ್ಲಿಯೂ ಅಕ್ಕಿ-ಗೋಧಿ ದೊರೆಯಬೇಕು. ಊರಿನಲ್ಲುಳಿದ ತಂದೆ-ತಾಯಿಗಳು ತಮ್ಮ ಪಾಲನ್ನು ಅಲ್ಲಿಯೇ ಪಡೆಯಬಹುದು.

ಆದರೆ ಇದನ್ನರಿಯದವರು ಬಹಳ. ಚೀಟಿಗೆ ಆಧಾರ್ ಜೋಡಣೆಯಾಗಿರದಿದ್ದರೆ ಯಂತ್ರವು ಒಪ್ಪದು. ಸಿಮೆಂಟು-ಜಲ್ಲಿಗಳಲ್ಲಿ ಸವೆದ ಬೆರಳಿನ ಗುರುತು ಎಷ್ಟೋ ಸಲ ಮೂಡದು. ಊರಿನಲ್ಲಿ ಇಡೀ ಕುಟುಂಬದ ಪಾಲನ್ನು ಮೊದಲೇ ಪಡೆದಿದ್ದರೆ ಆ ತಿಂಗಳು ಇಲ್ಲಿ ಏನೂ ಉಳಿಯದು. ಕರ್ನಾಟಕ ಸರ್ಕಾರವು ತನ್ನ ಲೆಕ್ಕದಲ್ಲಿ ಸೇರಿಸುವ ಹೆಚ್ಚಿನ ಪಾಲು ಈ ವ್ಯವಸ್ಥೆಯಲ್ಲಿ ಬರುವುದಿಲ್ಲ. ಅಂಗಡಿಯವನ ಮರಾಠಿ ಅರ್ಥವಾಗದೆ ಬರಿಗೈಯಲ್ಲಿ ಹಿಂತಿರುಗುವ ಮಹಿಳೆಗೆ, ಎರಡೂ ಭಾಷೆ ಬಲ್ಲ ಒಬ್ಬರು ಜೊತೆಗೆ ಹೋದರೆ ದೊರೆಯುವ ನೆರವು ಒಂದು ಚೀಲ ಅಕ್ಕಿಗಿಂತ ದೊಡ್ಡದು. ಏಕೆಂದರೆ ಅದು ತಿಂಗಳು ತಿಂಗಳೂ ಫಲ ಕೊಡುತ್ತದೆ.

ಹೊಟ್ಟೆ ತುಂಬುವುದೇ ಪೋಷಣೆಯಲ್ಲ

'ಹಸಿವು ರುಚಿಯರಿಯದು, ನಿದ್ದೆ ಸುಖವರಿಯದು' ಎಂಬ ಗಾದೆ ನಿಜ. ಆದರೆ ಶರೀರವು ತನ್ನ ಕೊರತೆಯನ್ನು ಅರಿಯುತ್ತದೆ. ತಿಂಗಳಿಗೆ 5 ಕಿಲೋ ಧಾನ್ಯವೆಂದರೆ ದಿನಕ್ಕೆ ಸುಮಾರು 165 ಗ್ರಾಂ; ಅದರಿಂದ ಸಿಕ್ಕುವುದು ಸುಮಾರು 570 ಕ್ಯಾಲೊರಿ. ಕಠಿಣ ದುಡಿಮೆಯ ಗಂಡಸಿಗೆ ದಿನಕ್ಕೆ 3,400ಕ್ಕೂ ಮಿಕ್ಕಿ ಬೇಕಾಗುತ್ತದೆ. ಪಡಿತರವು ಆಧಾರವೇ ಹೊರತು ಪೂರ್ಣಾಹಾರವಲ್ಲ. ದಾನಿಗಳು ತುಂಬಬೇಕಾದುದು ಈ ಕೊರತೆಯನ್ನು.

ಆದುದರಿಂದ ಅಕ್ಕಿಯ ಮೇಲೆ ಅಕ್ಕಿಯನ್ನೇ ಸುರಿಯುವ ಬದಲು ಬೇಳೆ, ಹೆಸರುಕಾಳು, ಕಡಲೆ, ಶೇಂಗಾ, ಎಣ್ಣೆಗಳನ್ನು ಕೊಡುವುದು ಲೇಸು. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಉತ್ತರ ಕರ್ನಾಟಕದವರಿಗೆ ಜೋಳದ ಹಿಟ್ಟು ರೂಢಿಯ ಆಹಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಸೊಪ್ಪು-ಕಾಳುಗಳ ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿಕೊಂಡರೆ ಕಬ್ಬಿಣದಂಶವು ಚೆನ್ನಾಗಿ ಮೈಗೂಡುತ್ತದೆ. ಊಟದೊಡನೆಯೇ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಮಗುವಿಗೆ ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಹಾಲಿನ ಪುಡಿಯ ಡಬ್ಬಗಳನ್ನು ಶಿಶುಗಳಿಗಾಗಿ ಹಂಚುವುದು ಹಾನಿಕರ. 1992ರ ಕಾಯಿದೆಯು ಇಂಥ ಹಂಚಿಕೆಯನ್ನು ನಿರ್ಬಂಧಿಸಿದೆ. ಆ ಹಣದಿಂದ ತಾಯಿಗೆ ಮೊಟ್ಟೆ, ಬೇಳೆ, ಶೇಂಗಾ ಕೊಡಬಹುದು. ಗರ್ಭಿಣಿಯರಿಗೂ ಬಾಣಂತಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಅಂಗನವಾಡಿಯಲ್ಲಿ ಪೂರಕ ಆಹಾರದ ಹಕ್ಕಿದೆ. ವಲಸೆ ಬಂದವರೆಂಬ ಕಾರಣಕ್ಕೆ ಸಂಕೋಚಪಡಬೇಕಾಗಿಲ್ಲ.

ಉಳಿದ ಊಟದ ವಿಚಾರ

ಮದುವೆ, ಪೂಜೆಗಳಲ್ಲಿ ಉಳಿದ ಅಡುಗೆಯನ್ನು ಹಂಚುವುದು ಒಳ್ಳೆಯದೇ. ಆದರೆ ತಡಮಾಡಿದರೆ ಅನ್ನವೇ ವಿಷವಾದೀತು. ಬಿಸಿ ಅಡುಗೆಯು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಉಳಿದ ಆಹಾರದ ಹಂಚಿಕೆಗೆ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ ನಿಯಮಗಳನ್ನು ಮಾಡಿದೆ. ಈ ಕೆಲಸವನ್ನು ಕೈಗೊಳ್ಳುವ ಸಂಸ್ಥೆಗಳು ನೋಂದಣಿ ಮಾಡಿಸಿಕೊಳ್ಳಬೇಕು. ಬಡಿಸುವವರು ತಾವು ಉಣ್ಣದುದನ್ನು ಇತರರಿಗೆ ಕೊಡಬಾರದು.

ಕೊಡುವ ರೀತಿ

ಸಹಾಯವು ಗೊತ್ತಾದ ದಿನ, ಗೊತ್ತಾದ ವೇಳೆಗೆ ದೊರೆತರೆ ಮಾತ್ರ ಬಡವನು ಅದನ್ನು ನಂಬಿ ಸಂಸಾರದ ಲೆಕ್ಕ ಹಾಕಬಲ್ಲನು. ಏನು ಬೇಕೆಂದು ಮೊದಲು ಕೇಳಬೇಕು: ಗುಡಿಸಲಿನಲ್ಲಿ ಗ್ಯಾಸ್ ಇಲ್ಲದವನಿಗೆ ಹಸಿ ಬೇಳೆಯಿಂದ ಪ್ರಯೋಜನವಿಲ್ಲ, ಒಲೆ ಇರುವವಳಿಗೆ ಪೊಟ್ಟಣದ ಅನ್ನ ಬೇಕಾಗಿಲ್ಲ. ಚೀಲ ಹಿಡಿದ ಕೈಯ ಜೊತೆಗೆ ಮುಖದ ಛಾಯಾಚಿತ್ರವನ್ನೂ ತೆಗೆದು ಪ್ರಕಟಿಸುವ ಪದ್ಧತಿಯನ್ನು ಬಿಡುವುದು ಸಭ್ಯತೆ. ನಿನ್ನೆಯವರೆಗೆ ಸ್ವಂತ ದುಡಿಮೆಯಿಂದ ಉಂಡವನಿಗೆ ಇಂದಿನ ಸಾಲು ಹಸಿವಿಗಿಂತ ಹೆಚ್ಚು ಸುಡುತ್ತದೆ.

ವಾರ್ಷಿಕೋತ್ಸವದಲ್ಲಿ ಸಾವಿರ ಎಲೆ ಹಾಕಬಲ್ಲ ಕನ್ನಡ ಸಂಘಗಳಿಗೆ, ತಿಂಗಳಿಗೊಂದು ಮುಂಜಾನೆ ನಾಕಾದ ಬಳಿ ಒಂದು ಮೇಜು ಹಾಕುವುದು ಕಷ್ಟವಲ್ಲ. ಅಲ್ಲಿ ಕನ್ನಡ-ಮರಾಠಿ ಎರಡೂ ಬಲ್ಲ ಇಬ್ಬರು ಕುಳಿತು ಪಡಿತರ ಚೀಟಿಯನ್ನು ಪರಿಶೀಲಿಸಲಿ. ಹತ್ತಿರದ ನ್ಯಾಯಬೆಲೆ ಅಂಗಡಿ, ಅಂಗನವಾಡಿಗಳ ದಾರಿ ತೋರಿಸಲಿ. ಪಕ್ಕದಲ್ಲಿ ಬೇಳೆ-ಶೇಂಗಾದ ಪೊಟ್ಟಣವೂ ಇರಲಿ. ಉತ್ಸವದ ಊಟವು ಒಂದು ದಿನದ ಸಂತೋಷ. ಹಕ್ಕಿನ ಧಾನ್ಯವು ಮನೆಗೆ ಬಂದರೆ ವರ್ಷವಿಡೀ ಒಲೆ ಉರಿಯುತ್ತದೆ.